ಅಳಿವಿನ ವರ್ಷದ ಅರ್ಜಿ

ರಾಯಚೂರಿನ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು ನಾನು. ಪಾಠ ಹೇಳಿದ್ದರ ಬಗ್ಗೆ ಬರೆಯಲು ನನ್ನಲ್ಲಿ ಹೆಚ್ಚೇನೂ ಇಲ್ಲ. ವರ್ಷವರ್ಷವೂ ಅದೇ ಪಾಠ ಹೇಳಿದೆ, ಕೇಳುವವರು ಬದಲಾದರು. ಈಗ ಹೊಸದಾಗಿ ಕೆಲಸಕ್ಕೆ ಸೇರಿದವರು ಸಿಕ್ಕಾಗ ಕೇಳುವುದೂ ಪಾಠದ ವಿಷಯವನ್ನಲ್ಲ. ಫೆಲೋಶಿಪ್ಪಿಗೆ ಅರ್ಜಿ ಹೇಗೆ ಬರೆಯಬೇಕು, ಸಮಿತಿಯವರಿಗೆ ಏನು ಹಿಡಿಸುತ್ತದೆ ಎಂದು ಕೇಳುತ್ತಾರೆ. ನಾನು ಮೂರು ಸಲ ಅರ್ಜಿ ಹಾಕಿ ಒಂದು ಸಲ ಆಯ್ಕೆಯಾದವನು. ಆಯ್ಕೆಯಾದ ಆ ಅರ್ಜಿಯನ್ನು ಮಾದರಿಯಾಗಿ ಕೊಡಿ ಎಂದು ಇಬ್ಬರು ಕೇಳಿದರು. ಕೊಡಲಿಲ್ಲ. ಕಾರಣವನ್ನು ಬಾಯಲ್ಲಿ ಹೇಳಲು ಹೋಗಿ ಎರಡು ಸಲವೂ ಬೇರೆ ಬೇರೆ ರೀತಿ ಹೇಳಿದೆ. ಆದ್ದರಿಂದ ಹಳೆಯ ದಿನಚರಿಗಳನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನೆನಪಿಗೂ ದಿನಚರಿಗೂ ಜಗಳ ಬಂದಲ್ಲಿ ಎರಡನ್ನೂ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಕಾಲೇಜು ಸೇರಿದ್ದ ವಿಶ್ವವಿದ್ಯಾಲಯ ಮಾನವಿಕ ವಿಷಯಗಳ ಅಧ್ಯಾಪಕರಿಗೆ ವರ್ಷಕ್ಕೊಮ್ಮೆ ಸಂಶೋಧನಾ ಫೆಲೋಶಿಪ್ ಕೊಡುತ್ತಿತ್ತು. ಒಂದು ವರ್ಷ ಪಾಠದಿಂದ ಬಿಡುಗಡೆ, ವಿಶ್ವವಿದ್ಯಾಲಯದಲ್ಲಿ ಒಂದು ಕೋಣೆ, ಗ್ರಂಥಾಲಯದಲ್ಲಿ ಒಂದು ಮೇಜು. ಷರತ್ತು ಒಂದೇ. ಪ್ರತಿ ವರ್ಷ ಅವರು ಒಂದು ವಿಷಯ ಗೊತ್ತುಮಾಡುತ್ತಿದ್ದರು, ನಮ್ಮ ಸಂಶೋಧನೆ ಅದರೊಳಗೆ ಬರಬೇಕು. ಸುತ್ತೋಲೆಯಲ್ಲಿ ಆ ವಿಷಯ ಒಂದೇ ಪದದಲ್ಲಿರುತ್ತಿತ್ತು. ಆ ಪದ ನೋಡಿದ ದಿನದಿಂದ ಜಿಲ್ಲೆಯ ಅಧ್ಯಾಪಕರೆಲ್ಲ ತಾವು ಹುಟ್ಟಿದ್ದೇ ಅದನ್ನು ಅಧ್ಯಯನ ಮಾಡಲಿಕ್ಕೆ ಎಂಬಂತೆ ಬರೆಯಲು ಕೂರುತ್ತಿದ್ದರು. ನಾನೂ ಕೂತೆ.

ನನ್ನ ಹತ್ತಿರ ಇದ್ದದ್ದು ಒಂದೇ ಸರಕು. ದೇವದುರ್ಗದ ಕಡೆಯ ಒಣ ಸೀಮೆಯಿಂದ ಕುರಿಗಾರರು ಸುಗ್ಗಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಮಾನ್ವಿ ಸೀಮೆಗೆ ಬರುತ್ತಾರೆ. ಕಾಲುವೆ ಬಂದಾಗಿನಿಂದ ಅಲ್ಲಿ ಭತ್ತ. ಕೊಯ್ದ ಗದ್ದೆಯ ಕೂಳೆ ಕುರಿಗೆ ಮೇವು, ರಾತ್ರಿ ಗದ್ದೆಯಲ್ಲಿ ತರುಬಿ ನಿಲ್ಲಿಸಿದ ಕುರಿಯ ಹಿಕ್ಕೆ ಗದ್ದೆಗೆ ಗೊಬ್ಬರ. ಯಾರ ಹೊಲದಲ್ಲಿ ಯಾವ ಹಿಂಡು, ಯಾವ ದಾರಿ, ಎಲ್ಲಿ ನೀರು ಎಂಬುದೆಲ್ಲ, ಕಾಲುವೆಗೂ ಮೊದಲಿನಿಂದಲೇ, ಬಾಯಿಮಾತಿನಲ್ಲೇ ತಲೆಮಾರುಗಳಿಂದ ನಡೆದುಬಂದಿತ್ತು. ಅದು ಹೇಗೆ ನಡೆಯುತ್ತದೆ ಎಂದು ತಿಳಿಯುವುದು ನನ್ನ ಆಸೆ. ಅರಕೇರಾದ ಬೀರಪ್ಪನೆಂಬ ಕುರಿಗಾರ ನನಗೆ ಪರಿಚಯವಾದದ್ದು ಗಬ್ಬೂರಿನ ಬಸ್ ನಿಲ್ದಾಣದಲ್ಲಿ. ಮಳೆಗೆ ಒಂದೇ ತಗಡಿನ ಕೆಳಗೆ ನಿಂತಿದ್ದೆವೆಂದು ನನ್ನ ನೆನಪು. ದಿನಚರಿಯಲ್ಲಿ ‘ಸುಡು ಬಿಸಿಲು, ಬಸ್ಸು ಎರಡು ತಾಸು ತಡ’ ಎಂದಿದೆ. ಮಳೆ ಎಲ್ಲಿಂದ ಬಂತೋ ಗೊತ್ತಿಲ್ಲ.

ಮೊದಲ ಸಲದ ವಿಷಯ ‘ಸ್ಮೃತಿ’. ಬರವಣಿಗೆಯಿಲ್ಲದೆ ದಾರಿ ನೆನಪಿಡುವ ಜನರ ಬಗ್ಗೆ ಬರೆದು ಕಳಿಸಿದೆ. ಸಂದರ್ಶನಕ್ಕೆ ಕರೆ ಬಂತು. ಉದ್ದ ಮೇಜಿನ ಆಚೆ ಐದು ಜನ ಹಿರಿಯರು. ಒಬ್ಬರು, ನಿಮ್ಮ ಮುಖ್ಯ ಆಕರ ಯಾವುದು ಎಂದು ಕೇಳಿದರು.

‘ಬೀರಪ್ಪ’ ಎಂದೆ.

‘ಎಷ್ಟನೇ ಶತಮಾನದವರು?’

ಉತ್ತರ ಹೊಳೆಯುವಷ್ಟರಲ್ಲಿ ಅವರೆಲ್ಲ ನಕ್ಕು, ಮುಂದಿನವರನ್ನು ಒಳಗೆ ಕರೆಯಲು ಹೇಳಿಯಾಗಿತ್ತು.

ಎರಡನೇ ವರ್ಷದ ವಿಷಯ ‘ನೀರು’. ಅದೇ ಅರ್ಜಿಯನ್ನು ತಿರುಗಿಸಿ, ಕುರಿಗಾರರು ದಾರಿಯಲ್ಲಿ ನೀರು ಹುಡುಕುವ ಕ್ರಮ ಎಂದು ಬರೆದೆ. ತಿರಸ್ಕಾರದ ಪತ್ರದ ಜೊತೆ ಯಾರೋ ಮರೆತು ಪರಿಶೀಲಕರ ಟಿಪ್ಪಣಿಯನ್ನೂ ಲಕೋಟೆಗೆ ಹಾಕಿದ್ದರು. ‘ಹೋದ ವರ್ಷದ ಅರ್ಜಿಗೆ ನೀರು ಬೆರೆಸಿದಂತಿದೆ’ ಎಂದಿತ್ತು. ಅನ್ಯಾಯವೆಂದು ಆಗ ಅನಿಸಿತು. ಈಗ ಓದಿದರೆ ಅದಕ್ಕಿಂತ ಸರಿಯಾದ ವಿಮರ್ಶೆ ನನ್ನ ಯಾವ ಬರಹಕ್ಕೂ ಬಂದಿಲ್ಲ.

ಆಗಿನ ಅರ್ಜಿಯ ಕೆಲಸವೇ ಬೇರೆ ಎಂದು ಈಗಿನವರಿಗೆ ಹೇಳಬೇಕು. ಆರು ಪ್ರತಿ ಬೇಕು, ಎಲ್ಲ ಟೈಪಾಗಿರಬೇಕು. ಕಾರ್ಬನ್ ಹಾಳೆ ಇಟ್ಟು ಹೊಡೆದರೆ ಆರನೇ ಪ್ರತಿಯಲ್ಲಿ ಅಕ್ಷರ ಹೊಗೆಯಂತೆ ಕಾಣುತ್ತಿತ್ತು. ಆ ಪ್ರತಿ ಯಾವಾಗಲೂ ಅತಿ ಕಟ್ಟುನಿಟ್ಟಿನ ಸದಸ್ಯರ ಕೈಗೇ ಹೋಗುತ್ತದೆಂದು ನಮ್ಮ ನಂಬಿಕೆ. ಅರ್ಜಿಯನ್ನು ವಿಭಾಗದ ಮುಖ್ಯಸ್ಥರು ನೋಡಿ, ಪ್ರಿನ್ಸಿಪಾಲರು ರುಜು ಹಾಕಿ, ಅವರ ಮೂಲಕವೇ ಹೋಗಬೇಕು. ನಾನು ಟೈಪು ಮಾಡಿಸುತ್ತಿದ್ದದ್ದು ಸ್ಟೇಷನ್ ರಸ್ತೆಯ ರಜಾಕ್ ಸಾಹೇಬರ ಹತ್ತಿರ. ಕೋರ್ಟಿನ ಕಾಗದ ಹೊಡೆದು ಹೊಡೆದು ಅವರಿಗೆ ಬರೆದವರ ಮನಸ್ಸು ಕೈಬೆರಳಿಗೇ ತಿಳಿಯುತ್ತಿತ್ತು. ಎರಡನೇ ಅರ್ಜಿ ಹೊಡೆಯುವಾಗಲೇ, ‘ಹೆಸ್ರು ಒಂದು ಬದ್ಲಿ ಮಾಡೀರಲ್ಲ ಸಾರ್? ಹಿಂಗಂತ ಮೊದ್ಲ ಹೇಳಿದ್ರ ಹಳೀದ ತೆಗ್ದು ಹೊಡೀತಿದ್ದೆ, ನಿಮ್ಗ ಬರಿಯೋ ತಕ್ಲೀಫು ತಪ್ಪತಿತ್ತು’ ಎಂದಿದ್ದರು.

ಆ ಎರಡನೇ ಸೋಲಿನ ನಂತರ ನಾನು ಒಂದು ಒಳ್ಳೆಯ ಕೆಲಸ ಮಾಡಿದೆ. ರಜೆ ಹಾಕಿ, ಬೀರಪ್ಪನ ಹಿಂಡಿನ ಹಿಂದೆ ಅರಕೇರಾದಿಂದ ಮಾನ್ವಿ ತಾಲೂಕಿನ ಮಲ್ಲಟದ ತನಕ ನಡೆದೆ. ಮಲ್ಲಟದ ಹತ್ತಿರ ಎರಡು ಹೊಲಗಳ ನಡುವೆ ಒಂದು ಬಂಡಿ ಅಗಲದ ಓಣಿ ಇತ್ತು. ಅದರಲ್ಲಿ ಹಾದರೆ ಹಳ್ಳ, ಹಳ್ಳದ ಆಚೆ ಹಿಂಡುಗಳು ತರುಬುವ ಗದ್ದೆಗಳು. ಓಣಿ ಬಿಟ್ಟರೆ ಎರಡೂ ಕಡೆ ನಾಟಿಯಾದ ಎರಡನೇ ಬೆಳೆಯ ಭತ್ತ, ಕುರಿಗೆ ಕಾಲಿಡಲು ಜಾಗವಿಲ್ಲ. ಸುತ್ತಿ ಹೋಗುವುದಾದರೆ ಎರಡು ದಿನ ನೀರಿಲ್ಲದ ದಾರಿ. ‘ಈ ಓಣಿ ಮುಚ್ಚಿದ್ರ ನಾವು ಮಾನ್ವಿ ಸೀಮೆ ಮರೀಬೇಕ್ರಿ ಮಾಸ್ತರ್’ ಎಂದು ಬೀರಪ್ಪ ಅಲ್ಲಿ ನಿಂತು ಹೇಳಿದ್ದ. ಇದು ದಿನಚರಿಯಲ್ಲೂ ಇದೆ. ಆ ವರ್ಷ ನಾಲ್ಕು ಹಿಂಡು ಓಣಿ ದಾಟಿದ್ದನ್ನು ನಾನೇ ನೋಡಿ ಬರೆದುಕೊಂಡಿದ್ದೆ.

ಮೂರನೇ ವರ್ಷದ ವಿಷಯ ‘ಅಳಿವು’.

ನಮ್ಮ ವಿಭಾಗದ ಮುಖ್ಯಸ್ಥರು ದೇಶಪಾಂಡೆಯವರು. ಒಳ್ಳೆಯ ಮನುಷ್ಯ, ಕೈಕೆಳಗಿನವರು ಮುಂದೆ ಬರಲಿ ಎಂಬ ಆಸೆ ಇದ್ದವರು. ಸಂಜೆ ವಿಭಾಗದ ಕೋಣೆಯಲ್ಲಿ ಕೂತು ನನ್ನ ಕರಡು ಓದಿದರು. ‘ಕುರಿಗಾರರ ವಲಸೆ ಪದ್ಧತಿ ಕ್ರಮೇಣ ಕಡಿಮೆಯಾಗುತ್ತಿರಬಹುದು’ ಎಂದು ನಾನು ಬರೆದಿದ್ದೆ.

‘ಇದೇನ್ರಿ, ಆಗುತ್ತಿರಬಹುದು?’ ಎಂದರು.

‘ನಾನು ನೋಡಿದ್ದು ಒಂದೇ ವರ್ಷ ಸರ್. ಕಡಿಮೆ ಆಗಿದೆಯೋ ಇಲ್ಲವೋ ಹೇಳುವುದು ಕಷ್ಟ.’

‘ಕಷ್ಟ ಇದ್ದಿದ್ದನ್ನ ಆಮ್ಯಾಲ ಅಲ್ಲಿ ಹೋಗಿ ಸಂಶೋಧನಾ ಮಾಡ್ರಿ. ಅರ್ಜಿಯೊಳಗ ಗಟ್ಟಿ ಬರೀರಿ. ಕಡಿಮಿ ಆಗಾಕತ್ತದ ಅಂತ ಎಲ್ಲಾರೂ ಬರೀತಾರ. ನಿಂತುಹೋಗೇದ ಅಂತ ಬರೀರಿ. ಸತ್ತಿದ್ದು ಅಂದ್ರ ಸಮಿತಿಯವ್ರು ಲಗೂನ ಮರಗ್ತಾರ.’

ಎಲ್ಲ ತಪ್ಪನ್ನೂ ಅವರ ಮೇಲೆ ಹೊರಿಸಬಾರದು. ಅವರು ಹೇಳಿದ್ದು ಒಂದು ವಾಕ್ಯ ಗಟ್ಟಿ ಮಾಡಲು. ಮನೆಗೆ ಹೋಗಿ ನಾನು ಬರೆದದ್ದು ಇದು: ‘ಅರಕೇರಾ ಭಾಗದಿಂದ ಮಲ್ಲಟದ ಮಾರ್ಗವಾಗಿ ಮಾನ್ವಿ ಸೀಮೆಗೆ ಕುರಿಹಿಂಡುಗಳು ಬರುವ ಪದ್ಧತಿ ಈಗ ಪೂರ್ಣವಾಗಿ ನಿಂತುಹೋಗಿದೆ.’ ಮಲ್ಲಟದ ಹೆಸರು ಹಾಕಿ ಎಂದು ಯಾರೂ ಹೇಳಿರಲಿಲ್ಲ. ಊರಿನ ಹೆಸರಿದ್ದರೆ ಸಂಶೋಧನೆಯ ಭಾರ ಬರುತ್ತದೆಂದು ನಾನೇ ಸೇರಿಸಿದೆ. ಬರೆಯುವಾಗ ಸುಳ್ಳು ಬರೆಯುತ್ತಿದ್ದೇನೆ ಎನಿಸಿತೇ? ಎನಿಸಿತೆಂದು ನೆನಪು. ಆದರೆ ಅಂದಿನ ದಿನಚರಿಯಲ್ಲಿ ಇರುವುದು ‘ಅರ್ಜಿ ಚೆನ್ನಾಗಿ ಬಂದಿದೆ’ ಎಂದಷ್ಟೇ. ಆ ಅಳುಕನ್ನು ಆಮೇಲೆ ನಾನೇ ಅಲ್ಲಿ ತಂದಿಟ್ಟಿರಬಹುದು.

ರಜಾಕ್ ಸಾಹೇಬರು ಆ ಸಾಲಿಗೆ ಬಂದಾಗ ಟೈಪು ನಿಲ್ಲಿಸಿದರು.

‘ಹೋದ್ವರ್ಷ ಬರಾಕತ್ತಿದ್ವಲ್ಲ ಸಾರ್ ಕುರಿ? ಒಂದು ವರ್ಷದಾಗ ಎಲ್ಲಾ ಸತ್ವೇನು?’

‘ಸಂಶೋಧನೆಯ ಭಾಷೆ ಸಾಹೇಬರೇ, ಹೊಡೀರಿ’ ಎಂದೆ.

ಹೊಡೆದರು.

ಆಯ್ಕೆಯಾಯಿತು. ಈ ಸಲ ಸಂದರ್ಶನದಲ್ಲಿ ಯಾರೂ ನಗಲಿಲ್ಲ. ಮೊದಲ ಸಲ ‘ಎಷ್ಟನೇ ಶತಮಾನ’ ಎಂದು ಕೇಳಿದ್ದ ಹಿರಿಯರು ತಲೆಯಾಡಿಸಿ, ತುಂಬ ದುಃಖದ ಸಂಗತಿ ಎಂದರು. ಕಾಲೇಜಿನಲ್ಲಿ ಚಹಾ ಕೂಟವಾಯಿತು. ದೇಶಪಾಂಡೆಯವರು ಖುಷಿಯಿಂದ ನನ್ನ ಅರ್ಜಿಯ ಸಾರಾಂಶವನ್ನು ಊರಿನ ಒಂದು ವಾರಪತ್ರಿಕೆಗೆ ಕೊಟ್ಟರು. ಫೋಟೋ ಸಮೇತ ಅಚ್ಚಾಯಿತು. ಮಲ್ಲಟದ ವಾಕ್ಯವೂ ಅಚ್ಚಾಯಿತು.

ಬಿಡುಗಡೆಯ ಆದೇಶ ಬರಲು ಇನ್ನೂ ಕೆಲವು ವಾರವಿತ್ತು. ಒಂದು ಮಧ್ಯಾಹ್ನ ಪರೀಕ್ಷೆಯ ಮೇಲ್ವಿಚಾರಣೆ ಮುಗಿಸಿ ಬಂದರೆ ಸ್ಟಾಫ್ ರೂಮಿನ ಬಾಗಿಲಲ್ಲಿ ಬೀರಪ್ಪ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಒಳಗೆ ಕರೆದರೆ ಬರಲಿಲ್ಲ.

‘ನಾವು ಬರೋದು ನಿಂತದ ಅಂತ ಪೇಪರ್‌ದಾಗ ಹಾಕ್ಸೀರಂತಲ್ರಿ ಮಾಸ್ತರ್?’

‘ಯಾರು ಹೇಳಿದರು?’

‘ಮಲ್ಲಟದ ಶರಣೇಗೌಡ ಓದಿ ಹೇಳಿದ. ಓಣಿಗೆ ಮುಳ್ಳಬೇಲಿ ಹಚ್ಯಾನ. ಅಲ್ಲಿ ಭತ್ತ ಒಣಗ್ಸೋ ಕಣ ಮಾಡ್ತಾನಂತ. ಕುರಿ ಬರೋದು ನಿಂತದ ಅಂತ ಓದಿದವ್ರು ಬರದಾರ, ಬರದವ್ರು ನಿನ್ನ ಕೂಡ ತಿರಗ್ಯಾಡಿದ ಮಾಸ್ತರ, ಓಣಿ ಯಾರಿಗಿ ಬೇಕು ಅಂತಾನ. ಹಿಂಡು ಮುಳ್ಳಿನ ಮುಂದ ನಿಂತದ್ರಿ. ನನ್ನ ತಮ್ಮನ ಕಡಿ ಬಿಟ್ಟು ಬಂದೀನಿ.’

ಶರಣೇಗೌಡರು ಮಲ್ಲಟದಲ್ಲಿ ಅಕ್ಕಿ ಗಿರಣಿ ಇಟ್ಟವರು. ಓಣಿಯ ಒಂದು ಮಗ್ಗುಲ ಹೊಲ ಅವರದು. ಅವರನ್ನು ಕೆಟ್ಟವರೆಂದು ಬರೆಯಲು ನನ್ನ ಹತ್ತಿರ ಆಧಾರವಿಲ್ಲ. ಕಣಕ್ಕೆ ಜಾಗ ಬೇಕಿತ್ತು, ಪತ್ರಿಕೆಯಲ್ಲಿ ಒಂದು ವಾಕ್ಯ ಸಿಕ್ಕಿತು.

‘ನೀವ ಬಂದು ಹೇಳ್ರಿ’ ಎಂದ ಬೀರಪ್ಪ. ಸಿಟ್ಟಿರಲಿಲ್ಲ. ಇಬ್ಬರೂ ಬಸ್ಸು ಹತ್ತಿದೆವು. ದಾರಿಯಲ್ಲಿ ಒಮ್ಮೆ, ‘ನನ್ನ ಮಾರಿ ನೋಡಿದ್ರೂ ನಾ ಬರೋದಿಲ್ಲ ಅಂತ ಹೆಂಗ ಬರದ್ರಿ?’ ಎಂದು ಕೇಳಿದ. ಕಿಟಕಿಯ ಹೊರಗೆ ನೋಡುತ್ತ ಕೇಳಿದ.

ಮಲ್ಲಟದ ಕಟ್ಟೆಯ ಮೇಲೆ ಊರ ಹಿರಿಯರು ಐದಾರು ಜನ ಸೇರಿದ್ದರು. ಶರಣೇಗೌಡರು ಹಣೆಯ ತುಂಬ ವಿಭೂತಿ ಧರಿಸಿ, ವಾರಪತ್ರಿಕೆಯನ್ನು ನೀಟಾಗಿ ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ‘ಬರ್ರಿ ಸರ್, ಬರ್ರಿ. ಫೋಟೋ ಚಲೋ ಬಂದದ’ ಎಂದರು. ಅದು ಕುಚೋದ್ಯವೋ ಮರ್ಯಾದೆಯೋ ಈಗಲೂ ತಿಳಿಯದು.

ನಾನು ಕೂರುವ ಮೊದಲು ಬೀರಪ್ಪ ಹೆಗಲ ಕಂಬಳಿ ತೆಗೆದು ಕಟ್ಟೆಯ ಮೇಲೆ ಹಾಸಿದ. ಅಲ್ಲಿದ್ದ ಒಬ್ಬ ಮುದುಕ ನನ್ನ ಕಡೆ ಬಾಗಿ ಹೇಳಿದ: ‘ಅದರ ಮ್ಯಾಲ ಕುಂತ್ರ ಕಣ್ಣೀಲೆ ನೋಡಿದ್ದಷ್ಟ ಹೇಳಬೇಕ್ರಿ ಸರ. ಕೇಳಿದ್ದು ಬ್ಯಾಡ, ಅನಿಸಿದ್ದು ಬ್ಯಾಡ. ಅವರ ಜನಕ್ಕ ಅದ ಕೋರ್ಟು.’

ಕುರಿಗಾರರ ಪದ್ಧತಿಗಳ ಬಗ್ಗೆ ಮೂರು ಅರ್ಜಿ ಬರೆದಿದ್ದ ನನಗೆ ಇದೊಂದು ಗೊತ್ತಿರಲಿಲ್ಲ.

ಕೂತೆ. ಹೋದ ವರ್ಷ ನಾನೇ ಹಿಂಡಿನ ಜೊತೆ ಈ ಓಣಿಯಲ್ಲಿ ಬಂದೆ, ಕುರಿ ದಾಟಿದ್ದನ್ನು ನೋಡಿದೆ, ಪತ್ರಿಕೆಯಲ್ಲಿ ಬಂದದ್ದು ತಪ್ಪು ಎಂದೆ.

‘ಪೇಪರಿನವ್ರು ತಪ್ಪು ಹಾಕ್ಯಾರೇನ್ರಿ?’ ಎಂದರು ಗೌಡರು.

‘ಇಲ್ಲ. ನಾನೇ ತಪ್ಪು ಬರೆದಿದ್ದೆ.’

ಗೌಡರು ಪತ್ರಿಕೆಯ ಮಡಿಕೆಯ ಮೇಲೆ ಬೆರಳು ಎಳೆದರು. ‘ನೀವು ದೊಡ್ಡವ್ರು, ಇಲ್ಲಂತ ನಾ ಹೆಂಗ ಅನ್ಲಿ. ಆದ್ರ ಬರದಿದ್ದು ಪೇಪರ್‌ದಾಗ ಅದ, ಬಾಯಿಲೆ ಅಂದಿದ್ದು ಗಾಳಿಗಿ ಹೋಗ್ತದ. ನಾಳಿ ನೀವು ಯುನಿವರ್ಸಿಟಿಗಿ ಹೋಗಿ ಕುಂತ್ರ ನಮಗ ಯಾರು ಸಾಕ್ಷಿ? ಬರದಿದ್ದು ತಪ್ಪು ಅಂತ ಬರದು ಕೊಡ್ರಿ. ರುಜು ಹಾಕ್ರಿ. ನಾ ಮುಳ್ಳು ತೆಗಸ್ತೀನಿ.’

ಹಿರಿಯರಿಗೂ ಅದು ಸರಿ ಕಂಡಿತು. ನನಗೂ ಸರಿ ಕಂಡಿತು. ಆದರೆ ಹಾಗೆ ಬರೆದು ರುಜು ಹಾಕಿದರೆ, ಅರ್ಜಿಯಲ್ಲಿ ತಿಳಿದೇ ಸುಳ್ಳು ಬರೆದೆ ಎಂದು ಒಪ್ಪಿದ ಹಾಗೆ. ಫೆಲೋಶಿಪ್ಪು ಹೋಗುತ್ತದೆ.

ಎಷ್ಟೋ ವರ್ಷ ನಾನು ಈ ಘಟನೆಯನ್ನು ಗೆಳೆಯರಿಗೆ ಹೇಳುವಾಗ, ಅಲ್ಲೇ ಕಂಬಳಿಯ ಮೇಲೆ ಕೂತು ಕಾಗದ ತರಿಸಿ ಬರೆದುಕೊಟ್ಟೆ ಎನ್ನುತ್ತಿದ್ದೆ. ಹೇಳಿ ಹೇಳಿ ಅದೇ ಕಣ್ಣಿಗೆ ಕಟ್ಟಿತ್ತು. ಇದನ್ನು ಬರೆಯಲು ದಿನಚರಿ ತೆರೆದಾಗ ಸಿಕ್ಕ ಸಾಲು ಹೀಗಿದೆ: ‘ಎರಡು ದಿನದ ಗಡುವು ಕೇಳಿದೆ. ಕಾರಣ: ಟೈಪು ಮಾಡಿಸಬೇಕು ಎಂದೆ.’

ಬೀರಪ್ಪ ಕಂಬಳಿ ಝಾಡಿಸಿ ಹೆಗಲ ಮೇಲೆ ಹಾಕಿಕೊಂಡ. ಎರಡು ದಿನ ಹಿಂಡು ಕಲ್ಲುಭೂಮಿಯಲ್ಲಿ ನಿಂತಿತು. ಈಯುವ ಕುರಿಗಳಿದ್ದವು. ನೀರನ್ನು ಕೊಡಗಳಲ್ಲಿ ಹೊತ್ತು ಹಾಕಿದರೆಂದು ಆಮೇಲೆ ತಿಳಿಯಿತು.

ರಾಯಚೂರಿನಲ್ಲಿ ದೇಶಪಾಂಡೆಯವರ ಮನೆಗೆ ಹೋದೆ. ನಡೆದದ್ದನ್ನೆಲ್ಲ ಕೇಳಿ ಅವರು ಚಷ್ಮಾ ಒರೆಸಿಕೊಂಡರು.

‘ಊರಿಗೆ ಒಂದು ಚೀಟಿ ಬರದು ಕೊಡ್ರಿ. ಯುನಿವರ್ಸಿಟಿಗೆ ಯಾಕ ತಿಳಸ್ತೀರಿ? ಮಲ್ಲಟದ ಕಟ್ಟಿ ಎಲ್ಲಿ, ಆ ಸಮಿತಿ ಎಲ್ಲಿ. ಇದಕ್ಕದು ಗೊತ್ತಾಗೋದಿಲ್ಲ, ಅದಕ್ಕಿದು ಗೊತ್ತಾಗೋದಿಲ್ಲ.’

ಅವರು ಹೇಳಿದ್ದು ನಿಜ. ಗೊತ್ತಾಗುತ್ತಿರಲಿಲ್ಲ. ಆ ಒಂದು ದಿನ ನಾನು ಎರಡು ಬಗೆಯಲ್ಲೂ ಕರಡು ಮಾಡಿದ್ದೇನೆ. ಎರಡೂ ದಿನಚರಿಯ ಪುಟಗಳ ನಡುವೆ ಈಗಲೂ ಇವೆ. ಮೊದಲನೆಯದರಲ್ಲಿ ‘ಮುದ್ರಣದಲ್ಲಿ ಆದ ಪ್ರಮಾದದಿಂದ’ ಎಂದಿದೆ. ಎರಡನೆಯದರಲ್ಲಿ ‘ನಾನು ತಿಳಿದೇ ಬರೆದ ತಪ್ಪು ಹೇಳಿಕೆಯಿಂದ’ ಎಂದಿದೆ. ಮೊದಲನೆಯದನ್ನು ಯಾವಾಗ ಯಾಕೆ ಬಿಟ್ಟೆ ಎಂಬುದಕ್ಕೆ ಎಲ್ಲೂ ಬರಹವಿಲ್ಲ. ಧೈರ್ಯ ಬಂತು ಎನ್ನಲಾರೆ. ಕಿಟಕಿಯ ಹೊರಗೆ ನೋಡುತ್ತ ಅವನು ಕೇಳಿದ ಮಾತು ಮತ್ತೆ ಕೇಳಿಬರುತ್ತದೆಂಬ ಹೆದರಿಕೆ ಇದ್ದಿರಬಹುದು.

ರಜಾಕ್ ಸಾಹೇಬರು ಎರಡನೆಯದನ್ನು ಓದಿ, ‘ಮತ್ತ ಬದುಕಿದ್ವು’ ಎಂದರು. ಆಮೇಲೆ, ‘ಎಷ್ಟು ಪ್ರತಿ?’

‘ಎರಡು. ಒಂದು ಮಲ್ಲಟಕ್ಕೆ, ಒಂದು ಯುನಿವರ್ಸಿಟಿಗೆ.’

ಅವರು ನನ್ನ ಮುಖ ನೋಡಿ, ಹೊಸ ಕಾರ್ಬನ್ ಹಾಳೆ ತೆಗೆದರು. ವಿಶ್ವವಿದ್ಯಾಲಯದ ಪ್ರತಿಯನ್ನು ಅಲ್ಲೇ ಹತ್ತಿರದ ಅಂಚೆಯಲ್ಲಿ ರಿಜಿಸ್ಟರ್ ಮಾಡಿ, ಮಲ್ಲಟದ ಬಸ್ಸು ಹತ್ತಿದೆ.

ಕಟ್ಟೆಯ ಮೇಲೆ ಅದೇ ಜನ. ನಾನು ನಿಂತು ಪತ್ರವನ್ನು ಗಟ್ಟಿಯಾಗಿ ಓದಿದೆ. ಮೊದಲು ತಪ್ಪೊಪ್ಪಿಗೆ. ಆಮೇಲೆ, ‘ಈ ಓಣಿಯಿಂದ ಪ್ರತಿ ವರ್ಷ ನಾಲ್ಕು ಕುರಿಹಿಂಡುಗಳು ಹಾದುಹೋಗುತ್ತವೆ’ ಎಂದು ಬರೆದಿದ್ದೆ. ಈ ಸಲ ಯಾರೂ ಅಲ್ಲಗಳೆಯದ ಹಾಗೆ ಸಂಖ್ಯೆ ಸಮೇತ ಇರಲಿ ಎಂದು.

‘ಅದನ್ನಷ್ಟು ಇನ್ನೊಮ್ಮಿ ಓದ್ರಿ’ ಎಂದ ಬೀರಪ್ಪ.

ಓದಿದೆ.

‘ನಾಕಲ್ರಿ ಮಾಸ್ತರ್. ಮೂರು. ನೀವು ಬಂದ ವರ್ಷ ನಾಕಿದ್ವು ಖರೆ. ಈ ವರ್ಷ ನಮ್ಮ ಹನುಮ ಹಿಂಡು ಮಾರ್ಕೊಂಡ. ಅವ ಇನ್ನ ಬರೋದಿಲ್ಲ. ಮೂರು ಅಂತ ತಿದ್ರಿ.’

‘ನಾಕು ಇದ್ರ ಇರ್ಲಿ ಬಿಡೋ, ನಿನಗ ಚಲೋನ ಅಲ್ಲೇನು’ ಎಂದ ಕಟ್ಟೆಯ ಮೇಲಿನ ಮುದುಕ, ದನಿ ತಗ್ಗಿಸಿ.

‘ಇಲ್ದ ಹಿಂಡು ನಾ ಎಲ್ಲಿಂದ ತರ್ಲಿ ಯಪ್ಪಾ?’ ಎಂದ ಬೀರಪ್ಪ. ‘ಮುಂದಿನ ವರ್ಷ ಗೌಡ ಎಣಿಸ್ತಾನ.’

ನನ್ನ ಜೇಬಿನಲ್ಲಿ ಪೆನ್ನಿರಲಿಲ್ಲ. ಗೌಡರೇ ತಮ್ಮದನ್ನು ಕೊಟ್ಟರು. ‘ನಾಲ್ಕು’ ಹೊಡೆದು ‘ಮೂರು’ ಎಂದು ಬರೆದು ಪಕ್ಕದಲ್ಲಿ ರುಜು ಹಾಕಿದೆ. ಗೌಡರು ಪತ್ರ ಕೈಗೆ ತೆಗೆದುಕೊಂಡು ತಿದ್ದಿದ ಜಾಗವನ್ನು ನೋಡಿದರು.

‘ಮೂರ ಹಿಂಡು ಅಂದ್ರ ಒಂದು ಬಂಡಿ ಅಗಲ ಯಾಕ ಬೇಕ್ರಿ?’ ಎಂದು ಹಿರಿಯರನ್ನು ಕೇಳಿದರು.

ಮಾತು ಬಹಳ ಹೊತ್ತು ನಡೆಯಿತು. ಕೊನೆಗೆ ಹಿರಿಯರು ಇಬ್ಬರಿಗೂ ಸಮಾಧಾನ ಮಾಡಿದರು. ಓಣಿ ಇರಬೇಕು, ಮುಚ್ಚಕೂಡದು. ಅಗಲದಲ್ಲಿ ಅರ್ಧ ಗೌಡರ ಕಣಕ್ಕೆ. ನಾನು ಏನೋ ಹೇಳಲು ಹೋದೆ. ಬೀರಪ್ಪ ಕೈ ಎತ್ತಿ ತಡೆದ. ‘ಆಗ್ಲಿ ಬಿಡ್ರಿ. ಸಾಲು ಹಿಡದು ಹೋಗ್ತಾವ’ ಎಂದ.

ಮುಳ್ಳು ತೆಗೆದರು. ಕುರಿ ಓಣಿಗೆ ಇಳಿದವು. ಕೊನೆಯ ಕುರಿ ಹಳ್ಳ ಮುಟ್ಟುವ ತನಕ ನಿಂತು ನೋಡಿದೆನೆಂದು ನನ್ನ ನೆನಪು. ಮೂರು ಗಂಟೆಯ ಬಸ್ಸಿಗೆ ರಾಯಚೂರಿಗೆ ಹೊರಟೆನೆಂದು ದಿನಚರಿ ಹೇಳುತ್ತದೆ. ಸಾಲು ಹಿಡಿದು ಅಷ್ಟು ಕುರಿ ದಾಟಲು ಸಂಜೆಯೇ ಆಗಿರಬೇಕು.

ವಿಶ್ವವಿದ್ಯಾಲಯದ ಉತ್ತರ ತಿಂಗಳೊಳಗೆ ಬಂತು. ತಪ್ಪೊಪ್ಪಿಗೆಯ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಪ್ರಸ್ತಾಪಿತ ಪದ್ಧತಿ ಇನ್ನೂ ರೂಢಿಯಲ್ಲಿರುವುದರಿಂದ ಅದು ಈ ವರ್ಷದ ವಿಷಯಕ್ಕೆ ಹೊಂದುವುದಿಲ್ಲ, ಆದ್ದರಿಂದ ಫೆಲೋಶಿಪ್ಪನ್ನು ಹಿಂಪಡೆಯಲಾಗಿದೆ ಎಂದಿತ್ತು. ದೇಶಪಾಂಡೆಯವರು ಅದನ್ನು ಓದಿ ಕಡತಕ್ಕೆ ಹಾಕಿದರು, ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಮತ್ತೆ ಅರ್ಜಿ ಹಾಕಲಿಲ್ಲ. ರಾಯಚೂರಿಗೆ ಝೆರಾಕ್ಸ್ ಯಂತ್ರ ಬಂದು ಆರನೇ ಪ್ರತಿಯೂ ಮೊದಲಿನಷ್ಟೇ ಸ್ಪಷ್ಟವಾಗುವ ಹೊತ್ತಿಗೆ ಬೇರೆಯವರ ಅರ್ಜಿಗಳನ್ನು ಓದಿ ಹೇಳುವುದು ನನ್ನ ಕೆಲಸವಾಗಿತ್ತು. ಎಲ್ಲಿ ‘ನಿಂತುಹೋಗಿದೆ’ ಎಂದು ಬರೆದಿದ್ದರೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, ಕೊನೆಯ ಸಲ ನೀವು ಅಲ್ಲಿಗೆ ಹೋದದ್ದು ಯಾವಾಗ ಎಂದು ಕೇಳುತ್ತಿದ್ದೆ. ಹಲವರಿಗೆ ಸಿಟ್ಟು ಬರುತ್ತಿತ್ತು.

ಅಂಚೆಗೆ ಹಾಕಿದ ಪ್ರತಿಯನ್ನು ತಿದ್ದುವ ಅವಕಾಶ ಇರಲಿಲ್ಲ. ಇನ್ನೊಂದು ಪತ್ರ ಬರೆಯಬಹುದಿತ್ತು, ಬರೆಯಲಿಲ್ಲ. ಆ ಕಡತ ಈಗಲೂ ಇದ್ದರೆ ಅದರಲ್ಲಿ ಹಿಂಡುಗಳು ನಾಲ್ಕೇ ಇವೆ. ನಾನು ಬರೆದ ಕಾಗದಗಳಲ್ಲಿ ಲೆಕ್ಕ ಸರಿಯಿದ್ದದ್ದು ಮಲ್ಲಟದ ಪ್ರತಿ ಒಂದೇ. ಅದನ್ನು ಸರಿಮಾಡಿಸಿದವನು ಅರ್ಧ ಓಣಿ ಕಳೆದುಕೊಂಡ.